ಭಾನುವಾರಕ್ಕೆ ಜರುಗಿಸಿದ ಹಬ್ಬ

ಅಡುಗೆಮನೆಯ ಮೇಜಿನಿಂದ,
ಮಂಗಳವಾರ, ಬೆಳಿಗ್ಗೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಬಲಗೈ ಸ್ವಲ್ಪವಾದರೂ ಆಡುತ್ತಿದೆಯೇ? ಗಂಜಿ ಗಂಟಲಲ್ಲಿ ಇಳಿಯುತ್ತಿದೆಯೇ? ಫೋನಿನಲ್ಲಿ ಕೇಳಿದರೆ ನೀನು ಉತ್ತರ ಕೊಡಲಾರೆ, ನಾನು ಅಳುವುದನ್ನು ನೀನು ಕೇಳಬೇಕಾಗುತ್ತದೆ. ಅದಕ್ಕೇ ಈ ಕಾಗದ. ಇದರ ಫೋಟೋ ತೆಗೆದು ತಮ್ಮನ ಫೋನಿಗೆ ಕಳಿಸುತ್ತೇನೆ, ಅವನು ನಿನಗೆ ಓದಿ ಹೇಳಲಿ. ತನಗೆ ಬೈದ ಸಾಲುಗಳನ್ನು ಮಾತ್ರ ಕಳ್ಳ ಹಾರಿಸಿಬಿಡುತ್ತಾನೆ, ಸ್ವಲ್ಪ ಗಮನವಿಟ್ಟು ಕೇಳು.

ನಮ್ಮ ಹಬ್ಬಕ್ಕೆ ಇಲ್ಲಿ ರಜೆಯಿಲ್ಲ ಎನ್ನುವುದು ನಿನಗೆ ಗೊತ್ತೇ ಇದೆ. ಹೋದ ಬುಧವಾರ ನಿಮಗೆಲ್ಲ ಹಬ್ಬ, ನನಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಹೊದಿಕೆ ಮಡಚುವ ಕೆಲಸ. ಎಲ್ಲ ಸಲದಂತೆ ಭಾನುವಾರಕ್ಕೆ ಜರುಗಿಸಿದೆವು. ಪಂಚಾಂಗ ಏನೇ ಹೇಳಲಿ, ಇಲ್ಲಿ ನಮಗೆ ಮೇಲ್ವಿಚಾರಕಿಯೇ ಪಂಚಾಂಗ. ಕೆಳಗಿನ ಮನೆಯ ಬಸ್ ಡ್ರೈವರ್ ಕುಟುಂಬವನ್ನೂ ನನ್ನ ಜೊತೆ ಹೊದಿಕೆ ಮಡಚುವ ಗೆಳತಿಯನ್ನೂ ಊಟಕ್ಕೆ ಕರೆದಿದ್ದೆ. ಕುರ್ಚಿ ಸಾಲದೆ ಎಲ್ಲರನ್ನೂ ನೆಲದ ಮೇಲೆ ಕೂರಿಸಿದೆ. ನಿನ್ನ ಅಳಿಯ ಸಿಹಿ ಮಾಡುತ್ತೇನೆಂದು ಹೊರಟು ತಳ ಹಿಡಿಸಿದರು. ಬಂದವರು ಅದರ ರುಚಿಯೇ ಹಾಗೆ ಎಂದುಕೊಂಡು ಇನ್ನಷ್ಟು ಹಾಕಿಸಿಕೊಂಡರು.

ಊಟಕ್ಕೆ ಮೊದಲು ನಿನಗೆ ವೀಡಿಯೊ ಕಾಲ್ ಮಾಡಿದೆನಲ್ಲ. ನೀನು ಹೊಸ ಸೀರೆಯುಟ್ಟು ದಿಂಬಿಗೆ ಒರಗಿದ್ದೆ. ತಮ್ಮ ನಿನ್ನ ಭುಜ ಹಿಡಿದು ಕೂತಿದ್ದ. 'ಅಮ್ಮಂಗೆ ಗಂಟಲು ಕಟ್ಟಿದೆ ಕಣಕ್ಕ, ಮಾತಾಡಿಸ್ಬೇಡ' ಎಂದ. ನಾನು ಬಂದವರ ಮುಂದೆ, 'ನೋಡಿ, ನಮ್ಮಮ್ಮನ ಬಾಯಿಗೂ ಇವತ್ತು ರಜ' ಎಂದುಬಿಟ್ಟೆ. ಎಲ್ಲರೂ ನಕ್ಕರು. ನಿನ್ನ ಬಾಯಿ ಒಂದು ಕಡೆಗೆ ಎಳೆಯಿತು. ನೀನೂ ನಗುತ್ತಿದ್ದೀಯ ಎಂದುಕೊಂಡೆ.

ನಿನ್ನೆ ಲಾಂಡ್ರಿಯಲ್ಲಿ ಹೊದಿಕೆಯ ಆ ಕಡೆ ಗೆಳತಿ, ಈ ಕಡೆ ನಾನು ಹಿಡಿದು ಎಳೆಯುತ್ತಿದ್ದಾಗ ತಮ್ಮನ ಫೋನ್ ಬಂತು. ಊರಿನ ಹಬ್ಬದ ಹಿಂದಿನ ದಿನವೇ, ಹೋದ ಮಂಗಳವಾರ, ನೀನು ಬಚ್ಚಲಲ್ಲಿ ಬಿದ್ದೆಯಂತೆ. ಲಕ್ವ ಹೊಡೆದಿದೆ, ಮಾತು ಮರಳುವುದು ಅನುಮಾನ, ಇನ್ನೊಂದು ಸಲ ಹೊಡೆದರೆ ಉಳಿಸುವುದು ಕಷ್ಟ ಎಂದರಂತೆ ಡಾಕ್ಟರು. ಇಷ್ಟು ದಿನ ಯಾಕೋ ಬಚ್ಚಿಟ್ಟೆ ಎಂದು ಕೇಳಿದೆ. 'ಹಬ್ಬದ ದಿನ ಕೆಟ್ಟ ಸುದ್ದಿ ಬಾಯಿಂದ ಬರಬಾರದು ಅಂತ ಅಮ್ಮಾನೇ ಅಲ್ವಾ ಕಲಿಸಿದ್ದು? ಹಬ್ಬ ಮುಗೀಲಿ, ಆಮೇಲೆ ಹೇಳೋಣ ಅಂದ್ಕೊಂಡೆ. ಅಷ್ಟೊತ್ತಿಗೆ ನಿಮ್ಮ ಹಬ್ಬ ಭಾನುವಾರ ಅಂತ ನೀನಂದೆ. ಅದನ್ಯಾಕೆ ಕೆಡಿಸ್ಲಿ ಅಂತ ಸುಮ್ನಾದೆ' ಎಂದ. ಇವನಂಥ ಪೆದ್ದ ಇನ್ನೊಬ್ಬನಿಲ್ಲ. ನಾಲ್ಕು ಬೈಯೋಣವೆಂದರೆ ಅವನೇ ಅಲ್ಲಿ ಬಿಕ್ಕುತ್ತಿದ್ದ. ನಿನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ, ಪಾಪ. ನನಗೆ ಅವನಿಗಿಂತ ನಿನ್ನ ಆ ನಿಯಮದ ಮೇಲೆ ಸಿಟ್ಟು, ಅಮ್ಮಾ. ನೀನು ಹಾಸಿಗೆ ಹಿಡಿದಿರುವಾಗ ನಾನು ಇಲ್ಲಿ ಪಲ್ಯಕ್ಕೆ ಉಪ್ಪು ಸಾಕೇ ಎಂದು ಎಲ್ಲರನ್ನೂ ಕೇಳುತ್ತಿದ್ದೆ.

ಮೇಲ್ವಿಚಾರಕಿಯ ಹತ್ತಿರ ರಜೆ ಕೇಳಿದೆ. ಕೆಟ್ಟವಳಲ್ಲ, ನೀರು ಕೊಟ್ಟು ಕೂರಿಸಿದಳು. ಆದರೆ ಈಗ ಹೋದರೆ ನನ್ನ ಜಾಗ ಉಳಿಯುವುದಿಲ್ಲ ಎಂದಳು. ನಾವು ಮೂವರೂ ಈ ದೇಶದಲ್ಲಿ ಇರುವುದು ನನ್ನ ಈ ಕೆಲಸದ ಆಧಾರದ ಮೇಲೆ. ನಿನ್ನ ಮೊಮ್ಮಗಳ ಪರೀಕ್ಷೆ ಬೇರೆ ಹತ್ತಿರ ಬಂದಿದೆ. ನಿನ್ನ ಅಳಿಯ, 'ನಾನು ಹೋಗು ಅಂದ್ರೂ ಕಷ್ಟ, ಬೇಡ ಅಂದ್ರೂ ಕಷ್ಟ, ನೀನೇ ಯೋಚ್ಸು' ಎಂದು ಪಾತ್ರೆ ತೊಳೆಯಲು ಎದ್ದರು. ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಗಿದೆ. ನಾನು ಬರುವಷ್ಟರಲ್ಲಿ ನಿನಗೇನಾದರೂ ಆದರೆ ಎಂಬ ಹೆದರಿಕೆ ಒಂದು ಕಡೆ, ಇವರಿಬ್ಬರ ಬದುಕನ್ನು ಕಿತ್ತು ಹಾಕುತ್ತಿದ್ದೇನೆ ಎಂಬ ಹೆದರಿಕೆ ಇನ್ನೊಂದು ಕಡೆ.

ನಿನಗೆ ಸೀರೆ ಉಡಿಸಿ ತಲೆ ಬಾಚಿದ ನಿನ್ನ ಸೊಸೆಯ ಋಣ ತೀರಿಸಲು ನನ್ನಿಂದ ಆಗದು, ಅವಳಿಗೆ ಹೇಳು ಎಂದು ತಮ್ಮನಿಗೆ ಹೇಳುತ್ತಿದ್ದೇನೆ. ಮೊಮ್ಮಗಳು ಅಜ್ಜಿಗೆ ಮುತ್ತು ಕಳಿಸಿದ್ದಾಳೆ. ನಿನ್ನ ಕಾಲಿಗೆ ಹಣೆ ಮುಟ್ಟಿಸಿ,

ನಿನ್ನ ಬಾಯಿಬಡುಕಿ ಮಗಳು

ಮತ್ತೆ: ನಾನು ಬರುತ್ತೇನೆ ಎಂದಾಗಲೆಲ್ಲ ನೀನು, 'ಬೇಡ ಕಣೆ, ಸುಮ್ನೆ ಯಾಕೆ ಕೆಲ್ಸ ಕೆಡಿಸ್ಕೋತೀಯ, ನಾನು ಗಟ್ಟಿಯಾಗಿದೀನಿ' ಎನ್ನುತ್ತಿದ್ದೆ. ಅಷ್ಟು ಹೇಳಿದರೆ ಸಾಕು, ನಾನೂ ಉಳಿದುಬಿಡುತ್ತಿದ್ದೆ. ಕಾಗದ ಮುಗಿಸಿ ಈಗಷ್ಟೇ ಟಿಕೆಟ್ ತೆಗೆದೆ, ಬರುವುದಕ್ಕೆ ಮಾತ್ರ. ಶುಕ್ರವಾರ ನಿನ್ನ ಹತ್ತಿರ ಇರುತ್ತೇನೆ. ಈ ಸಲ ನೀನು ಬೇಡ ಎನ್ನಲಾರೆ, ಅಮ್ಮಾ.