ಗದ್ದ ಮಾತ್ರ ಬೇಡವೆಂದೆಯಂತೆ

ಗುರುವಾರ, ಅಂಗಡಿಯಲ್ಲಿ, ಊಟದ ಬಿಡುವಿನ ಹೊತ್ತು

ನನ್ನ ಮೊಂಡು ಅಕ್ಕನಿಗೆ,

ಕಾಗದ ನೋಡಿ ಹುಬ್ಬೇರಿಸಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮೆಸೇಜು ಕಳಿಸಿದರೆ ಓದದೆ ಅಳಿಸುತ್ತೀಯ ಎಂದು ಚಿಕ್ಕಮ್ಮನೇ ಹೇಳಿದರು. ಕಾಗದವಾದರೆ, ಹರಿದು ಹಾಕುವ ಮುಂಚೆ ಒಂದೆರಡು ಸಾಲು ಓದಿಯೇ ಹರಿಯುವವಳು ನೀನು. ಒಂದೇ ಹೊಟ್ಟೆಯಲ್ಲಿ ನಿನ್ನ ಜೊತೆ ಒತ್ತಿಕೊಂಡು ಮಲಗಿದ್ದವಳಿಗೆ ಅಷ್ಟೂ ಗೊತ್ತಿರುವುದಿಲ್ಲವೇ? ಅದಕ್ಕೇ ಮುಖ್ಯ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಮೊನ್ನೆ ಮಂಗಳವಾರ ನಿನ್ನ ದವಡೆಯ ಡಾಕ್ಟರ ಹತ್ತಿರ ಹೋಗಿದ್ದೆ. ನಾನಾಗಿ ಅಲ್ಲ, ನೀನಾಗಿ.

ಹರಿಯಬೇಡ, ತಡಿ. ಬೈಯುವುದಿದ್ದರೆ ಪೂರ್ತಿ ಓದಿ ಒಟ್ಟಿಗೇ ಬೈ.

ಆದದ್ದು ಇಷ್ಟು. ಆಸ್ಪತ್ರೆಯಿಂದ ಅಂಗಡಿಯ ನಂಬರಿಗೆ ಫೋನ್ ಬಂತು. ಬರುವ ಗುರುವಾರದ ಆಪರೇಷನ್ನಿಗೆ ಮುಂಚೆ ಡಾಕ್ಟರು ನಿನ್ನ ಜೊತೆ ಇನ್ನೊಮ್ಮೆ ಮಾತಾಡಬೇಕಂತೆ, ಮಂಗಳವಾರ ಬೆಳಿಗ್ಗೆ ಬರಬೇಕಂತೆ. ನೀನೋ ನನ್ನ ಫೋನ್ ಎತ್ತುತ್ತಿಲ್ಲ. ಗೊತ್ತುಮಾಡಿದ ಹೊತ್ತು ಸುಮ್ಮನೆ ಹಾಳಾಗಬಾರದಲ್ಲ ಎಂದು ನಾನೇ ಹೊರಟೆ. ಬೀರು ತೆಗೆದಾಗ ನಿನ್ನ ಹಸಿರು ಸ್ವೆಟರ್ ಮೊದಲು ಕೈಗೆ ಸಿಕ್ಕಿತು, ಹಾಕಿಕೊಂಡೆ. ಬೈತಲೆ ಅದೇಕೋ ಅವತ್ತು ನಿನ್ನ ಕಡೆಗೇ ಬಂತು. ಸ್ವಲ್ಪ ನೆಗಡಿ ಇತ್ತು, ಅದಕ್ಕೆ ಮಾಸ್ಕು. ಇದರಲ್ಲಿ ಅನುಮಾನ ಪಡುವಂಥದ್ದು ಏನೂ ಇಲ್ಲ.

ನಮ್ಮ ಜಗಳ ಎಲ್ಲಿಗೆ ನಿಂತಿತ್ತು ಎನ್ನುವುದು ನನಗೆ ಮರೆತಿಲ್ಲ. ನೀನು ಅಂಗಡಿಯ ಉದ್ದ ಕನ್ನಡಿಯ ಮುಂದೆ ನಿಂತು, "ಈ ಮುಖ ಸಾಕಾಗಿಹೋಗಿದೆ ನಂಗೆ" ಅಂದೆ. ನಾನು ಪಕ್ಕದಲ್ಲೇ ಕೂತು ಕನ್ನಡಕದ ಫ್ರೇಮು ಒರೆಸುತ್ತಿದ್ದೆ. ಕನ್ನಡಿಯಲ್ಲಿ ಎರಡೂ ಮುಖ ಕಾಣುತ್ತಿದ್ದವು. ಸಾಕಾದದ್ದು ಯಾವ ಮುಖ ಎಂದು ನೀನು ಬೆರಳು ಮಾಡಿ ತೋರಿಸಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ, ಗೊತ್ತಲ್ಲ. ಕನ್ನಡಕ ಸೊಟ್ಟ ಕೂತರೆ ಕನ್ನಡಕ ಬಗ್ಗಿಸುತ್ತೇವೆಯೇ ಹೊರತು ಗಿರಾಕಿಯ ಮುಖ ಬಗ್ಗಿಸುವುದಿಲ್ಲ ಎಂದು ಕೂಗಾಡಿದೆ. "ಫ್ರೇಮಿಗೆ ನೋವಾಗಲ್ಲ ಕಣೆ, ನಂಗಾಗುತ್ತೆ" ಅಂದವಳೇ ನೀನು ಮರುದಿನ ಬಟ್ಟೆ ತುಂಬಿಕೊಂಡು ಚಿಕ್ಕಮ್ಮನ ಮನೆಗೆ ಹೊರಟುಹೋದೆ. ಆಸ್ಪತ್ರೆಗೆ ಹತ್ತಿರವಂತೆ. ಅಲ್ಲಿಂದ ಆಸ್ಪತ್ರೆ ಎಷ್ಟು ದೂರವೋ ಇಲ್ಲಿಂದಲೂ ಅಷ್ಟೇ ದೂರ ಎನ್ನುವುದು ನಮ್ಮಿಬ್ಬರಿಗೂ ಗೊತ್ತು.

ಡಾಕ್ಟರನ್ನು ನಾನು ಸುತ್ತಿಗೆ ಹಿಡಿದ ರಾಕ್ಷಸಿ ಎಂದೇ ಊಹಿಸಿಕೊಂಡಿದ್ದೆ. ನೋಡಿದರೆ ಕುಳ್ಳಗಿನ, ನಿಧಾನ ಮಾತಿನ ಹೆಂಗಸು. ಕನ್ನಡಕದ ಒಂದು ಕಡ್ಡಿ ಸಡಿಲವಾಗಿ ಮೂಗಿನ ಮೇಲೆ ಜಾರುತ್ತಿತ್ತು, ಸ್ಕ್ರೂ ಬಿಗಿ ಮಾಡಲು ನನ್ನ ಕೈ ಕಡಿಯುತ್ತಿತ್ತು. ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ತಲೆಬುರುಡೆ. ಅದರ ಪಕ್ಕದಲ್ಲಿ ಬಿಳಿಯ ಎರಡು ದವಡೆ. ಅವು ಬುರುಡೆಯವಲ್ಲ, ನಿನ್ನವು. ಸ್ಕ್ಯಾನ್ ನೋಡಿ ಯಂತ್ರದಲ್ಲಿ ಅಚ್ಚು ತೆಗೆದದ್ದಂತೆ. ಅವರು ಕೆಳದವಡೆಯನ್ನು ಎತ್ತಿ ನನ್ನ ಕೈಗೆ ಕೊಟ್ಟುಬಿಟ್ಟರು.

ಅಕ್ಕ, ನಿನ್ನ ದವಡೆಯನ್ನು ಅಂಗೈಯಲ್ಲಿ ಹಿಡಿದು ಕೂತಿದ್ದೆ. ಹಿಂದಿನ ಹಲ್ಲುಗಳು ಎಷ್ಟು ಸವೆದಿವೆ ಎನ್ನುವುದನ್ನು ಬೆರಳು ಮುಟ್ಟಿ ನೋಡಿದೆ. ಮುಂದಿನ ಹಲ್ಲು ತಾಗದೇ ಇರುವುದರಿಂದ ಎಲ್ಲ ಭಾರವೂ ಹಿಂದಿನವುಗಳ ಮೇಲೇ ಬೀಳುತ್ತದಂತೆ. ನೀನು ಈಚೆಗೆ ನನ್ನ ಜೊತೆ ಊಟಕ್ಕೆ ಕೂರದೆ ಹಿಂದಿನ ಕೋಣೆಗೆ ತಟ್ಟೆ ತೆಗೆದುಕೊಂಡು ಹೋಗುತ್ತಿದ್ದುದನ್ನು ನಾನು ಜಂಬ ಎಂದುಕೊಂಡಿದ್ದೆ. ಅಗಿಯುವುದಕ್ಕೆ ಅಷ್ಟು ಹೊತ್ತು ಹಿಡಿಯುತ್ತಿತ್ತು ಎಂದು ಒಂದು ಮಾತು ಹೇಳಬಾರದಿತ್ತೇ? ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಮುಖ ನಮ್ಮದು, ಆದರೆ ನಿನ್ನ ದವಡೆ ಬೆಳೆಯುವುದನ್ನು ನಿಲ್ಲಿಸಲಿಲ್ಲ, ನನ್ನದು ನಿಲ್ಲಿಸಿತು. ನನಗೆ ನೋವಿಲ್ಲವೆಂದು ನಿನಗೂ ಇಲ್ಲವೆಂದುಕೊಂಡುಬಿಟ್ಟೆ.

ಭಯಕ್ಕೆ ಹಿಂದೆ ಕೇಳಿದ್ದೆಲ್ಲ ಮರೆತುಹೋಗಿದೆ, ಇನ್ನೊಂದು ಸಲ ಹೇಳಿ ಎಂದು ನಿನ್ನ ದನಿಯಲ್ಲಿ ಕೇಳಿಕೊಂಡೆ. ಪಾಪ, ಬೇಸರಿಸದೆ ಮೊದಲಿನಿಂದ ಹೇಳಿದರು. ದವಡೆಯ ಆಪರೇಷನ್ ಎಂದರೆ ಒಂದೇ ಎಂದು ತಿಳಿದಿದ್ದೆ ನಾನು. ಮುರಿಯುವುದು, ತಂತಿ ಕಟ್ಟುವುದು, ಮುಗಿಯಿತು. ಹಾಗಲ್ಲವಂತೆ. ಯಾವುದು ತಪ್ಪಿದೆ ಎಂದು ನೋಡಿ ಅದನ್ನಷ್ಟೇ ಸರಿಸುವುದಂತೆ, ನಾವು ಮೂಗಿನ ಮೇಲೆ ಕೂರುವ ದಿಂಬು ಬೇರೆ, ಕಿವಿಯ ಕಡ್ಡಿ ಬೇರೆ ಸರಿಮಾಡುವ ಹಾಗೆ.

ಮೇಲ್ದವಡೆಯದಾದರೆ, ಹಲ್ಲಿನ ಬೇರುಗಳಿಗಿಂತ ಮೇಲೆ ಮೂಳೆಯನ್ನು ಅಡ್ಡಕ್ಕೆ ಬಿಡಿಸಿ, ಮುಂದಕ್ಕೋ ಮೇಲಕ್ಕೋ ಸರಿಸಿ, ಪುಟ್ಟ ಪಟ್ಟಿ ಮತ್ತು ಸ್ಕ್ರೂ ಹಾಕಿ ಕೂರಿಸುತ್ತಾರೆ. ನಕ್ಕರೆ ವಸಡೆಲ್ಲ ಕಾಣುವವರಿಗೂ ಇದನ್ನೇ ಮಾಡುತ್ತಾರಂತೆ. ನಿನ್ನ ಮುಂದಿನ ಹಲ್ಲು ತಾಗದಿರುವುದಕ್ಕೆ ಮೇಲ್ದವಡೆಯ ಹಿಂಭಾಗ ಕೆಳಕ್ಕೆ ಇಳಿದಿರುವುದು ಕಾರಣವಂತೆ. ಇಷ್ಟು ವರ್ಷ ನಾವೆಲ್ಲ ಪಾಪದ ಕೆಳದವಡೆಯನ್ನೇ ಬೈದೆವು. ಕೆಳದವಡೆಯದಾದರೆ, ಎರಡೂ ಕಡೆ ಕೊನೆಯ ಹಲ್ಲಿನ ಹಿಂದೆ ಮೂಳೆಯನ್ನು ಎರಡು ಪದರವಾಗಿ ಸೀಳಿ, ಡ್ರಾಯರನ್ನು ಒಳಕ್ಕೆ ತಳ್ಳುವಂತೆ ಹಿಂದಕ್ಕೆ ಸರಿಸುವುದು. ಗಿಡ್ಡ ದವಡೆಯವರಿಗೆ ಅದೇ ಡ್ರಾಯರನ್ನು ಹೊರಕ್ಕೆ ಎಳೆಯುವುದು. ತೀರಾ ಸಣ್ಣ ದವಡೆಯ ಮಕ್ಕಳಿಗಾದರೆ ಮೂಳೆ ಬಿಡಿಸಿ, ನಡುವೆ ಒಂದು ಸಲಕರಣೆ ಕೂರಿಸಿ, ದಿನಾ ಒಂದಿಷ್ಟೇ ತಿರುಗಿಸಿ ಹಿಗ್ಗಿಸುತ್ತಾರಂತೆ. ಸಂದಿಯಲ್ಲಿ ಹೊಸ ಮೂಳೆ ತಾನಾಗಿ ತುಂಬಿಕೊಳ್ಳುತ್ತದಂತೆ. ನನಗೆ ಭಯ ಮರೆತು ಕುತೂಹಲವೇ ಬಂದುಬಿಟ್ಟಿತು. ಮಲಗಿದಾಗ ಉಸಿರು ಕಟ್ಟುವ ಕೆಲವರಿಗೆ ಎರಡೂ ದವಡೆಯನ್ನು ಮುಂದಕ್ಕೆ ತರುತ್ತಾರಂತೆ, ಗೊರಕೆಯೂ ಇಳಿಯುತ್ತದಂತೆ. ಅಪ್ಪ ಇದ್ದಿದ್ದರೆ ಕರೆದುಕೊಂಡು ಹೋಗಬಹುದಿತ್ತು ಎಂದು ಅಮ್ಮನಿಗೆ ಹೇಳಿದರೆ, ಆ ಗೊರಕೆ ನಿಂತ ಮೇಲೆ ತನಗೆ ಸರಿಯಾಗಿ ನಿದ್ದೆಯೇ ಬಂದಿಲ್ಲ ಎಂದು ಅತ್ತಳು. ನಿನ್ನ ಆಪರೇಷನ್ನಿನ ನೆಪದಲ್ಲಿ ಮನೆಯಲ್ಲಿ ಎಲ್ಲರೂ ಎಲ್ಲದಕ್ಕೂ ಅಳುತ್ತಿದ್ದೇವೆ.

ನಿನಗೆ ಮೇಲಿನದೂ ಕೆಳಗಿನದೂ ಒಟ್ಟಿಗೆ ಎಂದರು. ಕೊಯ್ಯುವುದೆಲ್ಲ ಬಾಯಿಯ ಒಳಗಿನಿಂದಲೇ, ಕೆನ್ನೆಯ ಮೇಲೆ ಗಾಯದ ಗುರುತು ಇರುವುದಿಲ್ಲ. ಮೊದಮೊದಲು ಮುಖ ಊದಿಕೊಂಡಿರುತ್ತದೆ. ಕೆಳತುಟಿ, ಗದ್ದ ತಿಂಗಳುಗಟ್ಟಲೆ ಮರಗಟ್ಟಿರಬಹುದು, ಕೆಲವರಿಗೆ ಒಂಚೂರು ಹಾಗೆಯೇ ಉಳಿಯಲೂಬಹುದು ಎಂದರು. ಅದನ್ನು ಕೇಳಿ ನನ್ನ ತುಟಿ ಅಲ್ಲೇ ಮರಗಟ್ಟಿತು. ಹಲ್ಲು ಕಚ್ಚಿ ತಡೆದುಕೋ ಎಂದು ನಿನಗೆ ಹೇಳುವ ಹಾಗೂ ಇಲ್ಲ. ತಾಗಿದರೆ ತಾನೇ ಕಚ್ಚುವುದು!

ಆಮೇಲೆ ಅವರು ಬುರುಡೆಯ ಗದ್ದಕ್ಕೆ ಬೆರಳಿಟ್ಟರು. ಇದು ಹಲ್ಲಿಗೆ ಸಂಬಂಧಪಟ್ಟದ್ದಲ್ಲ, ತುದಿಯ ಮೂಳೆಯನ್ನಷ್ಟೇ ಕೊಯ್ದು, ವಾಲಿದ್ದರೆ ನಡುವಿಗೆ ತಂದು, ಉದ್ದವಿದ್ದರೆ ಗಿಡ್ಡ ಮಾಡಿ ಕೂರಿಸುವುದು ಎಂದರು. ಹೇಳುತ್ತಲೇ ನನ್ನ ಕಡೆ ತಿರುಗಿದರು.

"ಇದೊಂದು ಮಾತ್ರ ಬೇಡ ಅಂದಿದ್ರಿ. ಇದನ್ನೂ ಮಾಡಿದ್ರೇನೇ ಮುಖ ಪೂರ್ತಿ ನೇರ ಆಗೋದು ಅಂತ ಎಷ್ಟು ಹೇಳಿದ್ರೂ ಕೇಳ್ಲಿಲ್ಲ ನೀವು. ಗದ್ದ ಮುಟ್ಟಬೇಡಿ, ಅದು ನಂದೊಬ್ಬಳದೇ ಅಲ್ಲ, ನನ್ನ ತಂಗಿದೂ ಇದೇ ಗದ್ದ ಅಂದ್ರಿ. ಈಗಲೂ ಅದೇ ಮಾತಾ? ಸೋಮವಾರ ಬಂದು ಕೊನೇದಾಗಿ ಹೇಳ್ಬಿಡಿ."

ಕೈಯಲ್ಲಿದ್ದ ನಿನ್ನ ದವಡೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟೆ. ಇಷ್ಟು ದಿನ ನಾನು ಅಮ್ಮನ ಮುಂದೆ, ಗಿರಾಕಿಗಳ ಮುಂದೆ, ಕೊನೆಗೆ ಫ್ರೇಮು ತಂದುಕೊಡುವ ಏಜೆಂಟನ ಮುಂದೆ ಕೂಡ ಗೋಳಾಡಿದ್ದೇನೆ, ಅಕ್ಕ ನಮ್ಮ ಮುಖವನ್ನು ಬಿಸಾಡಿ ಹೊರಟಳು ಎಂದು. ನೀನು ನೋಡಿದರೆ ಅಲ್ಲಿ ಕುರ್ಚಿಯಲ್ಲಿ ಕೂತು, ನಿನ್ನ ಮುಖದಲ್ಲಿ ನನ್ನ ಪಾಲು ಇಷ್ಟು ಎಂದು ಎತ್ತಿಟ್ಟಿದ್ದೀಯ. ನನಗೆ ತಿಳಿಸಲೂ ಇಲ್ಲ. ಅಷ್ಟು ಜಗಳದಲ್ಲೂ ಒಂದು ಮಾತು ಬಾಯಿಬಿಡಲಿಲ್ಲವಲ್ಲೇ. ನೀನು ನನ್ನನ್ನು ಇಷ್ಟು ಪ್ರೀತಿಸುತ್ತೀಯ ಎಂದು ಗುರುತು ಪರಿಚಯವಿಲ್ಲದ ಡಾಕ್ಟರಿಂದ ಕೇಳಿ ತಿಳಿಯಬೇಕಾಯಿತು ನಾನು.

ಕಣ್ಣಲ್ಲಿ ನೀರು ಬಂತು. ಹೆದರಿದ್ದಾಳೆ ಎಂದುಕೊಂಡು ಅವರು ಒಂದು ಲೋಟ ನೀರು ಕೊಟ್ಟರು. ಕುಡಿಯಲು ಮಾಸ್ಕ್ ಇಳಿಸಿದೆ. ಅಕ್ಕ, ಸ್ವೆಟರು ನೆನಪಿಟ್ಟಿದ್ದೆ, ಬೈತಲೆ ನೆನಪಿಟ್ಟಿದ್ದೆ (ಸರಿ, ಬೇಕೆಂದೇ ಮಾಡಿದ್ದು), ನೀನು ಮಾತಿನ ನಡುವೆ ಎಳೆಯುವ ಉಸಿರನ್ನೂ ನೆನಪಿಟ್ಟಿದ್ದೆ. ಒಂದೂವರೆ ವರ್ಷದಿಂದ ನಿನ್ನ ಹಲ್ಲಿಗೆ ಕ್ಲಿಪ್ ಹಾಕಿದ್ದಾರೆ ಎನ್ನುವುದನ್ನೇ ಮರೆತಿದ್ದೆ! ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವ ಗಾದೆಯನ್ನು ನನಗಾಗಿಯೇ ಮಾಡಿಟ್ಟಿರಬೇಕು.

"ಕ್ಲಿಪ್ ಎಲ್ರೀ?" ಎಂದರು. ಆಮೇಲೆ ತಾವೇ ಅರ್ಥಮಾಡಿಕೊಂಡು ಕೆಂಪಗಾದರು. ಇನ್ನೊಬ್ಬರ ಹೆಸರಲ್ಲಿ ಬಂದು ಕೂರುವುದು ಹುಡುಗಾಟವಲ್ಲ, ಅವರ ಗುಟ್ಟಿನ ಮಾತನ್ನು ತಮ್ಮ ಬಾಯಿಂದ ಹೇಳಿಸಿಬಿಟ್ಟೆ ಎಂದು ಗದರಿದರು. ಸರಿಯಾಗಿಯೇ ಗದರಿದರು, ನಾನು ತಲೆ ತಗ್ಗಿಸಿ ನಿಂತಿದ್ದೆ. ಸೋಮವಾರದೊಳಗೆ ಅಕ್ಕನಿಗೆ ನೀವೇ ಹೇಳುತ್ತೀರೋ ನಾನೇ ಹೇಳಲೋ ಎಂದು ಕೇಳಿದರು. ನಾನೇ ಹೇಳುತ್ತೇನೆ ಎಂದೆ. ಬರುವ ಮುಂಚೆ ಅವರ ಕನ್ನಡಕದ ಸ್ಕ್ರೂ ಬಿಗಿ ಮಾಡಿಕೊಟ್ಟೆ. ಸಿಟ್ಟಿನಲ್ಲಿದ್ದರೂ ಬೇಡ ಎನ್ನಲಿಲ್ಲ.

ಈಗ ಕೇಳು. ಸೋಮವಾರ ಡಾಕ್ಟರ ಮುಂದೆ ಕೂತಾಗ ನನ್ನ ಹೆಸರೆತ್ತಬೇಡ. ಗದ್ದ ಮಾಡಿಸಿಕೊಳ್ಳಬೇಕು ಎನಿಸಿದರೆ ಮಾಡಿಸಿಕೋ. ನಿನಗೇ ಬೇಡವೆನಿಸಿದರೆ ಬೇಡ, ಅದು ಬೇರೆ. ನನಗೋಸ್ಕರ ಮಾತ್ರ ಸೊಟ್ಟ ಗದ್ದ ಹೊತ್ತುಕೊಂಡು ತಿರುಗಬೇಡ. ಇಷ್ಟೆಲ್ಲ ನೋವು ತಿಂದು, ಕೊನೆಯ ಒಂದು ತುಣುಕನ್ನು ತಂಗಿ ಅಳುತ್ತಾಳೆ ಎಂದು ಬಿಟ್ಟುಬಂದರೆ ನಾನು ಆ ಗದ್ದವನ್ನು ದಿನಾ ಹೇಗೆ ನೋಡಲಿ? ನನ್ನ ಗದ್ದ ನನ್ನ ಹತ್ತಿರ ಇದೆ. ನಿನಗೆ ಹಳೆಯದು ನೋಡಬೇಕೆನಿಸಿದಾಗ ಬಂದು ನೋಡು, ಅಂಗಡಿ ಬೆಳಿಗ್ಗೆಯೇ ತೆಗೆದಿರುತ್ತದೆ.

ಅಮ್ಮನ ಹತ್ತಿರ, ಅಕ್ಕನ ಮುಖ ಬದಲಾದರೆ ನಿನಗೆ ಬೇಜಾರಾಗುವುದಿಲ್ಲವೇ ಎಂದು ಕೇಳಿದೆ. "ಮುಖ ನೋಡಿ ನಿಮ್ಮಿಬ್ಬರ ಗುರುತು ಹಿಡೀತಿದ್ದೆ ಅಂದ್ಕೊಂಡ್ಯಾ? ಅಳೋ ದನಿ ಕೇಳಿ ಹಿಡೀತಿದ್ದೆ. ಅವಳು ತಡೆದು ತಡೆದು ಅಳೋಳು, ನೀನು ಬೀದಿಗೆಲ್ಲ ಕೇಳೋ ಹಾಗೆ" ಎಂದಳು. ಇನ್ನೂ ಹಾಗೆಯೇ ಇದ್ದೇವೆ ನೋಡು.

ಆಪರೇಷನ್ ಆದ ಮೇಲೆ ರಬ್ಬರ್ ಹಾಕಿ ಬಾಯಿಯನ್ನು ಬಿಗಿ ಮಾಡಿರುತ್ತಾರಂತೆ. ಕೆಲವು ವಾರ ಕುಡಿಯುವಂಥದ್ದು, ಆಮೇಲೆ ಮೆತ್ತಗಿನದು. ಎಲ್ಲವನ್ನೂ ನಾನೇ ಅರೆದು ಸೋಸಿಕೊಡುತ್ತೇನೆ. ಹುಟ್ಟಿದಾಗಿನಿಂದ ಮೊದಲ ಸಲ ನಾನು ಮಾತಾಡುವಾಗ ನೀನು ನಡುವೆ ಬಾಯಿ ಹಾಕಲಾರೆ. ಆ ಸುಖಕ್ಕಾದರೂ ಮನೆಗೇ ಬಾ, ಚಿಕ್ಕಮ್ಮನಲ್ಲಿ ಇರಬೇಡ. ನಿನ್ನ ತಟ್ಟೆಯನ್ನು ಹಿಂದಿನ ಕೋಣೆಗೆ ಕೊಂಡೊಯ್ಯಲು ಬಿಡುವುದಿಲ್ಲ. ಎಷ್ಟು ಹೊತ್ತಾದರೂ ಎದುರಿಗೆ ಕೂತಿರುತ್ತೇನೆ.

ಗಿರಾಕಿ ಬಂದರು. ನಿನ್ನನ್ನೇ ಕೇಳುತ್ತಿದ್ದಾರೆ. ಅಕ್ಕ ರಜೆಯಲ್ಲಿದ್ದಾಳೆ, ಬರುತ್ತಾಳೆ ಎಂದೆ.

ನಿನ್ನ ಬೆನ್ನಿಗೇ ಹುಟ್ಟಿದ,
ನಿನ್ನ ಬಾಲಂಗೋಚಿ

ತಾ.ಕ.: ಹೊತ್ತು ಹಾಳಾಗಬಾರದೆಂದು ಹೋದೆ ಎಂದು ಮೇಲೆ ಬರೆದದ್ದು ಸುಳ್ಳು. ಅಷ್ಟೇ ಆಗಿದ್ದರೆ ಚಿಕ್ಕಮ್ಮನಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ನಾನು ಹೋದದ್ದು ನಿನ್ನ ದನಿಯಲ್ಲಿ, "ನಂಗೆ ಆಪರೇಷನ್ ಬೇಡ, ಹೆಸರು ತೆಗೆದುಬಿಡಿ" ಎನ್ನಲು. ನೀನು ತಿಂಗಳುಗಟ್ಟಲೆ ಕಾದು ಪಡೆದ ದಿನವನ್ನು ಕಳೆದುಬಿಡಲು. ಆ ಮಾತು ನಾಲಗೆಯ ತುದಿಗೆ ಬಂದಿತ್ತು, ಗದ್ದದ ವಿಷಯ ಒಂದು ಗಳಿಗೆ ತಡವಾಗಿ ಬಂದಿದ್ದರೆ ಹೇಳಿಯೇಬಿಡುತ್ತಿದ್ದೆ. ಇದು ಡಾಕ್ಟರಿಗೂ ಗೊತ್ತಿಲ್ಲ, ಅಮ್ಮನಿಗೂ ಗೊತ್ತಿಲ್ಲ. ನಿನಗೆ ಗೊತ್ತಿರಬೇಕು, ಯಾಕೆಂದರೆ ಗುರುವಾರ ನಿನ್ನನ್ನು ಒಳಗೆ ಕರೆದೊಯ್ಯುವಾಗ ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂದು ತಿಳಿದೇ ನೀನು ಕೈ ಹಿಡಿಯಬೇಕು. ಕರೆದರೆ ಮಂಚದ ಪಕ್ಕ ನಿಲ್ಲುತ್ತೇನೆ. ಕರೆಯದಿದ್ದರೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಮನೆಯಲ್ಲಿ ಮಾತ್ರ ಇರಲಾರೆ.