ಬಾಗಿಲಿಗೆ ಬಂದ ಅರಬಿ ಸೇಠ್

ಅಂಧೇರಿ,
18-7-1977

ವಾರಿಜಾನ ಅಪ್ಪನವರಿಗೆ ನೀಲಾವತಿಯ ನಮಸ್ಕಾರಗಳು.

ನೋವು ಹೇಗಿದೆ? ಕಣ್ಣಿನ ಪಟ್ಟಿ ಬಿಚ್ಚಿದರೇ? ಈ ಪತ್ರ ಕುವೈತಿಗೆ ಮುಟ್ಟುವಾಗ ನಿಮ್ಮ ಆಪರೇಷನ್ ಮುಗಿದಿರುತ್ತದೆ. ಅದಕ್ಕೆ ಮೊದಲು ನಮ್ಮ ದನಿ ಕೇಳಬೇಕೆಂದು ಆಸೆಪಟ್ಟಿರಿ, ಅದೂ ನನ್ನಿಂದ ಆಗಲಿಲ್ಲ. ಯಾಕೆಂದು ಹೇಳುತ್ತೇನೆ, ಬೈಯಬೇಡಿ.

ಶನಿವಾರ ಮಧ್ಯಾಹ್ನ ನಿಮ್ಮ ಅರಬಿ ಸೇಠ್ ನಮ್ಮ ಚಾಳಿಗೆ ಬಂದರು. ಹೆಂಡತಿಯನ್ನು ಇಲ್ಲಿಯ ಡಾಕ್ಟರಿಗೆ ತೋರಿಸಲು ಬಂದವರಂತೆ. ಅವರು ನಿಮ್ಮ ಸೇಠ್ ಎಂದು ನಮಗೇನು ಗೊತ್ತು? ಉದ್ದನೆಯ ಬಿಳಿ ಅಂಗಿ, ತಲೆಗೆ ಬಟ್ಟೆ, ಕೈಯಲ್ಲೊಂದು ಕಪ್ಪು ಪೆಟ್ಟಿಗೆ. ಹೋದ ತಿಂಗಳಷ್ಟೇ ಟಾಕೀಸಿನಲ್ಲಿ ನೋಡಿದ್ದೆವು: ಅರಬಿಯವನೊಬ್ಬ ತನ್ನ ಡ್ರೈವರನನ್ನು ಕಟ್ಟಿಹಾಕಿ, ಹೆದರಿಸಿ ಅವನ ಮಾತನ್ನು ಟೇಪಿನಲ್ಲಿ ಹಿಡಿದು, ಅದನ್ನು ಕೇಳಿಸಿ ಅವನ ಹೆಂಡತಿ ಮಗಳನ್ನು ಹೊರಗೆ ಕರೆದು ಹೊತ್ತೊಯ್ಯುತ್ತಾನೆ. ನಮ್ಮ ವಾರಿಜಾಗೆ ಹದಿನಾರು. ಅವಳನ್ನು ಮಂಚದಡಿಗೆ ತಳ್ಳಿ ಚಿಲಕ ಹಾಕಿದೆ.

ಸೇಠ್ ಬಾಗಿಲು ಬಡಿದರು, ಹರಕುಮುರುಕು ಹಿಂದಿಯಲ್ಲಿ ಏನೋ ಹೇಳಿದರು. ಆಮೇಲೆ ಹೊರಗಿಂದ ನಿಮ್ಮ ದನಿಯೇ ಬಂತು! “ನೀಲಾ, ನಾನು ಮಾತಾಡುವುದು, ಹೆದರಬೇಡ ಮಾರಾಯ್ತಿ” ಎಂದು. ಅಯ್ಯೋ ದೇವರೇ! ತೆಗೆಯಲು ಹೋದೆ. ಪಕ್ಕದ ಖೋಲಿಯ ಸೋಮವ್ವ ನಮ್ಮಲ್ಲೇ ಕೂತಿದ್ದಳಲ್ಲ, ಕೈ ಹಿಡಿದಳು. “ತೆಗೀಬ್ಯಾಡ ನೀಲವ್ವ, ಸಿನಿಮಾದಾಗೂ ಹಿಂಗ ಕರದಿದ್ದ” ಎಂದಳು. ನಾವು ಚಿಲಕ ತೆಗೆಯಲಿಲ್ಲ. ಹೊರಗೆ ಚಾಳಿನ ಗಂಡಸರು ಆ ಸಿನಿಮಾದ ಡೈಲಾಗ್ ಹೊಡೆದು, ಗೇಲಿ ಮಾಡಿ ಸೇಠರನ್ನು ಓಡಿಸಿದರು.

ಆಮೇಲೆ ಬಾಗಿಲು ತೆಗೆದರೆ ಪೆಟ್ಟಿಗೆ ಹೊಸ್ತಿಲಲ್ಲೇ ಇತ್ತು, ಟೇಪ್ ರೆಕಾರ್ಡರ್ ಅದು. ಕೆಳಗಿನ ಹೋಟೆಲಿನವರು ಟೇಪ್ ಹಾಕಿ ಪೂರ್ತಿ ಕೇಳಿಸಿದರು. ಅಡಿಗೆಮನೆಯಲ್ಲಿ ಸ್ಟೌ ಸಿಡಿದದ್ದು, ಎರಡೂ ಕಣ್ಣಿಗೆ ಬೆಂಕಿ ತಾಗಿದ್ದು, ಸೇಠ್ ನಿಮ್ಮನ್ನು ಮಗನ ಹಾಗೆ ನೋಡಿಕೊಳ್ಳುತ್ತಿರುವುದು, ಶನಿವಾರವೇ ಅವರು ಹಿಂದಿರುಗುವುದು, ಎರಡು ಮಾತು ಟೇಪಿಗೆ ಹೇಳಿ ಅವರ ಕೈಯಲ್ಲೇ ಕಳಿಸು ಎಂದದ್ದು, ಎಲ್ಲ ಆಗ ತಿಳಿಯಿತು. ವಾರಿಜಾನೂ ನಾನೂ ಪೆಟ್ಟಿಗೆ ಹಿಡಿದು ಸಾಂತಾಕ್ರೂಜ್ ವಿಮಾನ ನಿಲ್ದಾಣಕ್ಕೆ ಓಡಿದೆವು. ಅವರು ಸಿಗಲಿಲ್ಲ.

ಆ ದೊಡ್ಡ ಮನುಷ್ಯರಿಗೆ ಇನ್ನು ಯಾವ ಮುಖ ತೋರಿಸಲಿ? ಕಾಲಿಗೆ ಬಿದ್ದೆನೆಂದು ಹೇಳಿ. ನೀವು ಧೈರ್ಯವಾಗಿರಿ. ನನಗೆ ಊಟ ಸೇರುತ್ತಿಲ್ಲ.

ನಿಮ್ಮವಳೇ ಆದ,
ನೀಲಾವತಿ

ತಾ.ಕ.: ಕೊರಗಣ್ಣ, ಅವರ ಪಕ್ಕ ಕುಳಿತು ಇದನ್ನು ಓದಿ ಹೇಳುವವರು ನೀವೇ ಅಲ್ಲವೇ? ಇನ್ನು ಮುಂದಿನದನ್ನು ಅವರಿಗೆ ಓದಿ ಹೇಳಬೇಡಿ. ಸೋಮವ್ವ ನನ್ನ ಕೈ ಹಿಡಿಯಲಿಲ್ಲ. “ನಿನ್ನ ಗಂಡನ ದನಿ ಐತಿ, ತೆಗಿಯವ್ವ” ಎಂದು ಅತ್ತವಳು ಅವಳು. ಬಾಗಿಲಿಗೆ ಬೆನ್ನು ಕೊಟ್ಟು ನಿಂತವಳು ನಾನು. ಅವರಿಗೆ ಕಣ್ಣು ಬರಲಿ, ಈ ನಿಜವನ್ನು ನಾನೇ ಬರೆಯುತ್ತೇನೆ. ಅದನ್ನು ಅವರೇ ಓದಿಕೊಳ್ಳಲಿ.