ಒರೆಸಬಾರದ ಕಲೆ

ತಂಗೀ, ಕಾರ್ಡು ಚಿಕ್ಕದು, ಸಮಾಚಾರ ನಿನ್ನ ಬಾಯಿಯಷ್ಟು ದೊಡ್ಡದು.

ಮೊಮ್ಮಗಳ ಪ್ರಯೋಗಶಾಲೆಗೆ ಬಂದಿದ್ದೇನೆ. ಇಂಗಾಲಕ್ಕೆ ಆಮ್ಲಜನಕ ಅಂಟಿದ ಒಂದು ಅನಿಲವನ್ನು ಬುಡ್ಡಿಯಲ್ಲಿ ತುಂಬಿ, ಕಣ್ಣಿಗೆ ಕಾಣದ ವಿಕಿರಣ ಹಾಯಿಸುತ್ತಾಳೆ. ಅದು ತಾಗಿದರೆ ಅನಿಲದ ಪುಟ್ಟ ಪುಟ್ಟ ಕಣಗಳು ಒಂದರ ಕೈ ಒಂದು ಹಿಡಿದು ಉದ್ದ ಸರಪಳಿಯಾಗಿ, ಒಳಗಿಟ್ಟ ಗಾಜಿನ ಬಿಲ್ಲೆಯ ಮೇಲೆ ಕೆಂಪಗೆ ಕೂರಬೇಕಂತೆ. ಎಂಟು ತಿಂಗಳು ಬಿಲ್ಲೆ ತೊಳೆದಿಟ್ಟ ಹಾಗೇ ಹೊರಬಂದು, ಹುಡುಗಿ ಊಟ ಬಿಟ್ಟಿದ್ದಳು. ಇದೇ ಕೊನೆಯ ಸಲ ಅಂದಿದ್ದರಂತೆ ಅವಳ ಮೇಷ್ಟರು.

ಇವತ್ತು ಯಂತ್ರ ನಿಲ್ಲಿಸಿ, ಬಿಲ್ಲೆಯನ್ನು ನೋಡದೇ ಮೇಜಿನ ಮೇಲಿಟ್ಟು ಕನ್ನಡಕ ಹುಡುಕಲು ತಿರುಗಿದಳು. ನೋಡುತ್ತೇನೆ, ಕಂದುಗೆಂಪು ಕಲೆ! ನನ್ನ ಕೈ ಸುಮ್ಮನಿರುತ್ತದೆಯೇ? ಸೆರಗು ಹಿಡಿದು ಬಗ್ಗಿದೆ.

“ಅಜ್ಜೀ, ಒರೆಸ್ಬೇಡ! ಅದೇ ಕಣಜ್ಜಿ ನಾನು ಕಾಯ್ತಿದ್ದಿದ್ದು!” ಎಂದು ಕಿರುಚಿ, ನನ್ನನ್ನು ತಬ್ಬಿ ಕುಣಿದಳು.

“ಕಲೆ ಬಿತ್ತು ಅಂತ ಕುಣಿಯೋರನ್ನ ಇವತ್ತೇ ನೋಡಿದ್ದು” ಅಂದೆ. ನಾನೂ ಕುಣಿದೆ.

ಮಂಡಿ ಆಗಲೇ ಹಿಡಿದುಕೊಂಡಿದೆ, ನೋವಿನೆಣ್ಣೆ ಕಳಿಸು. ಅವಳು ಮೇಷ್ಟರನ್ನು ಕರೆತರಲು ಓಡಿದ್ದಾಳೆ. ಅಗೋ, ಕೋಣೆ ಒರೆಸುವಾಕೆ ಒದ್ದೆ ಬಟ್ಟೆ ಹಿಡಿದು ಬರುತ್ತಿದ್ದಾಳೆ. ಸಾಕು, ನಾನು ಬಾಗಿಲಿಗೆ ಅಡ್ಡ ನಿಲ್ಲಬೇಕು.

ನಿನ್ನ ಅಕ್ಕ